ಬರೆನ್: ಕಚೇರಿಯಿಲ್ಲದ ಹೋಬಳಿ

ಐರ್ಲೆಂಡಿನಲ್ಲಿ ಮನೆಯೋ ಜಮೀನೋ ಕೊಂಡವರ ಭೂದಾಖಲೆಯಲ್ಲಿ ಟೌನ್‌ಲ್ಯಾಂಡಿನ (ಅಲ್ಲಿನ ಅತಿ ಚಿಕ್ಕ ಭೂವಿಭಾಗ) ಪಕ್ಕ ಸಾಮಾನ್ಯವಾಗಿ ಬ್ಯಾರನಿಯ (ಕೌಂಟಿಯೊಳಗಿನ ಹಳೆಯ ವಿಭಾಗ) ಹೆಸರೂ ಇರುತ್ತದೆ. ಡಬ್ಲಿನ್ನಿನ ಲೂಕನ್ ಕಡೆಯಾದರೆ ನ್ಯೂಕಾಸಲ್, ಬ್ಲಾಂಚರ್ಡ್ಸ್‌ಟೌನ್ ಕಡೆಯಾದರೆ ಕಾಸಲ್‌ನಾಕ್. ನಮ್ಮ ಪಹಣಿಯಲ್ಲಿ ಹೋಬಳಿ ಬರುವ ಹಾಗೆಯೇ. ನಮ್ಮಲ್ಲಿ ಹೋಬಳಿಗೊಂದು ನಾಡಕಚೇರಿ ಇದೆ. ಬ್ಯಾರನಿಗೆ ಅದೂ ಇಲ್ಲ. 1898ರ ಸ್ಥಳೀಯ ಆಡಳಿತ ಕಾಯ್ದೆಯ ನಂತರ ಅದರ ಕೆಲಸವೆಲ್ಲ ಕೌನ್ಸಿಲ್‌ಗಳ ಪಾಲಾಯಿತು, ಗಡಿಯಷ್ಟೇ ಉಳಿಯಿತು.

ಕ್ಲೇರ್ ಕೌಂಟಿಯ 11 ಬ್ಯಾರನಿಗಳಲ್ಲಿ ಉತ್ತರದಂಚಿನ ಬರೆನ್ ಅನ್ನೇ ನೋಡಿ. ಗಾಲ್ವೇ ಕೊಲ್ಲಿಗೆ ಮುಖಮಾಡಿದ ಈ ಸುಣ್ಣಕಲ್ಲಿನ ಗುಡ್ಡಗಾಡು ಓ'ಲಾಕ್ಲನ್ ಮನೆತನದ ಸೀಮೆಯಾಗಿತ್ತು. ನೈಋತ್ಯಕ್ಕಿರುವ ಕಾರ್ಕಮ್ರೋ, ಓ'ಕಾನರ್‌ಗಳದಾಗಿತ್ತು. ಮೊದಲು ಎರಡೂ ಒಂದೇ ನಾಡು. 16ನೇ ಶತಮಾನದಲ್ಲಿ ಇಂಗ್ಲಿಷರು ಕೌಂಟಿಗಳನ್ನು ಕಟ್ಟುವಾಗ ಇಂಥ ಪಾಳೆಯಗಳ ಗಡಿಗಳನ್ನೇ ಬಹುಮಟ್ಟಿಗೆ ಬ್ಯಾರನಿಗಳಾಗಿ ಉಳಿಸಿಕೊಂಡರು.

ಹೊಸಬರು ಎಡವುವುದೇ ಇಲ್ಲಿ. 13ನೇ ಶತಮಾನದ ಕಾರ್ಕಮ್ರೋ ಮಠ ಇರುವುದು ಕಾರ್ಕಮ್ರೋ ಬ್ಯಾರನಿಯಲ್ಲಲ್ಲ, ಬರೆನ್‌ನಲ್ಲಿ. ಅತ್ತ ಬರೆನ್ ರಾಷ್ಟ್ರೀಯ ಉದ್ಯಾನದ ಮುಲ್ಲಾಮೋರ್ ಗುಡ್ಡ ಪಕ್ಕದ ಇಂಚಿಕ್ವಿನ್ ಬ್ಯಾರನಿಗೆ ಸೇರಿದ್ದು. ಪ್ರವಾಸಿ ಫಲಕದ ಬರೆನ್ ಬೇರೆ, ದಾಖಲೆಯ ಬರೆನ್ ಬೇರೆ.

ನೆಲ ಮಾತ್ರ ವಿಚಿತ್ರ. ಸುಮಾರು 33 ಕೋಟಿ ವರ್ಷ ಹಳೆಯ ಈ ಸುಣ್ಣಕಲ್ಲಿನ ಹಾಸು ಉದ್ದುದ್ದ ಸೀಳಿದೆ. ಮಳೆನೀರು ಸೀಳುಗಳಲ್ಲೇ ಇಳಿದುಹೋಗುವುದರಿಂದ ಮೇಲೆ ಹೊಳೆ ನಿಲ್ಲುವುದಿಲ್ಲ. ಹಿಮನದಿ ಬಿಟ್ಟುಹೋದ ಜೇಡಿಮಣ್ಣಿನ ಮೇಲೆ ಹರಿಯುವ ಕಾಹರ್ ಹೊಳೆಯೊಂದೇ ಫನೋರ್ ಬಳಿ ಕಡಲು ಸೇರುತ್ತದೆ. ತಗ್ಗುಗಳಲ್ಲಿ ಚಳಿಗಾಲದ ಮಳೆಗೆ ನೆಲದೊಳಗಿನಿಂದ ನೀರುಕ್ಕಿ ಕೆರೆಯಾಗುತ್ತದೆ, ಬೇಸಿಗೆಗೆ ಬತ್ತಿ ಹುಲ್ಲುಗಾವಲಾಗುತ್ತದೆ. ಇವನ್ನು ಟರ್ಲಾಕ್ ಎನ್ನುತ್ತಾರೆ. ಬೇಸಿಗೆಯಲ್ಲಿ ನೋಡಿ ಮನೆ ಕಟ್ಟಲು ಜಾಗ ಆರಿಸಬಾರದು.

1651ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ದಂಡನಾಯಕ ಕ್ರಾಮ್‌ವೆಲ್‌ನ ಸೇನೆಯ ಎಡ್ಮಂಡ್ ಲಡ್ಲೋ, ಮುಳುಗಿಸಲು ನೀರಿಲ್ಲ, ನೇಣು ಹಾಕಲು ಮರವಿಲ್ಲ, ಹೂಳಲು ಮಣ್ಣಿಲ್ಲ ಎಂಬ ಮಾತನ್ನು ದಾಖಲಿಸಿದ. ಎಲ್ಲರೂ ಹೇಳುವುದು ಇಷ್ಟೇ. ಕಲ್ಲಿನ ಸಂದಿನ ಹುಲ್ಲು ತಿಂದ ದನಗಳು ಇಲ್ಲಿ ಚೆನ್ನಾಗಿ ಕೊಬ್ಬಿವೆ ಎಂದೂ ಅವನು ಬರೆದಿದ್ದಾನೆ, ನನಗೆ ಮುಖ್ಯವಾಗಿ ಕಾಣುವುದು ಅದು. ಬೇರೆ ದೇಶಗಳಲ್ಲಿ ದನ ಬೇಸಿಗೆಗೆ ಗುಡ್ಡ ಹತ್ತಿದರೆ ಬರೆನ್‌ನಲ್ಲಿ ಹತ್ತುವುದು ಚಳಿಗಾಲಕ್ಕೆ: ಅಕ್ಟೋಬರ್ ಕೊನೆಗೆ ಏರಿ, ಏಪ್ರಿಲ್ ಹೊತ್ತಿಗೆ ಇಳಿಯುತ್ತವೆ. ಬೇಸಿಗೆಯ ಬಿಸಿಯನ್ನು ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ, ನೀರು ನಿಲ್ಲದ್ದರಿಂದ ಮಲಗಲು ಒಣ ಜಾಗ ಸಿಗುತ್ತದೆ. ದನ ಹಳೆಯ ಹುಲ್ಲನ್ನು ಮೇದು ಮುಗಿಸಿದರೇ ವಸಂತದಲ್ಲಿ ನೀಲಿ ಜೆನ್ಶಿಯನ್ ಹೂವಿಗೆ ಬಿಸಿಲು. ದನ ಮೇಯುವುದು ನಿಂತಲ್ಲಿ ಹೇಜಲ್ ಪೊದೆ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಬರೆನ್‌ನ ಪೌಲ್‌ನಬ್ರೋನ್ ಕಲ್ಗೋರಿಯನ್ನು ನೋಡಲು ಹೋಗುವವರು ಪಾದದ ಗಂಟು ಮುಚ್ಚುವ ಬೂಟು ಹಾಕಿಕೊಳ್ಳಿ. ಮಳೆಯಲ್ಲಿ ಹಾಸುಗಲ್ಲು ಜಾರುತ್ತದೆ, ಸೀಳಿಗೆ ಕಾಲು ಸಿಕ್ಕಿದರೆ ಗಂಟು ಉಳುಕುವುದು ಖಂಡಿತ. 1986ರಲ್ಲಿ ಅಗೆದಾಗ ಅದರೊಳಗೆ 30ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು, ಐದು ಸಾವಿರ ವರ್ಷಕ್ಕೂ ಹಿಂದಿನವು.

ಹಳೆ ದಾಖಲೆ ಹುಡುಕುವುದಾದರೆ ಕೌಂಟಿ, ಬ್ಯಾರನಿ, ಸಿವಿಲ್ ಪ್ಯಾರಿಷ್, ಟೌನ್‌ಲ್ಯಾಂಡ್ ಎಂಬ ಕ್ರಮದಲ್ಲಿ ಇಳಿಯಿರಿ. ಒಂದೇ ಕೌಂಟಿಯಲ್ಲಿ ಒಂದೇ ಹೆಸರಿನ ಹಲವು ಟೌನ್‌ಲ್ಯಾಂಡ್‌ಗಳಿರುತ್ತವೆ. ಯಾವುದು ಎಂದು ತೀರ್ಮಾನಿಸಲು ಬ್ಯಾರನಿಯೇ ಆಧಾರ. ಸಿವಿಲ್ ಪ್ಯಾರಿಷ್ ಎಂದರೆ ಹಳೆಯ ಆಡಳಿತ ವಿಭಾಗ, ಇಂದಿನ ಕ್ಯಾಥೊಲಿಕ್ ಚರ್ಚಿನ ಪ್ಯಾರಿಷ್ ಅಲ್ಲ, ಗಡಿಗಳು ಬೇರೆ. 1847ರಿಂದ 1864ರವರೆಗೆ ಪ್ರಕಟವಾದ, ತೆರಿಗೆಗಾಗಿ ಜಮೀನು-ಕಟ್ಟಡಗಳ ಬೆಲೆ ಕಟ್ಟಿದ ಗ್ರಿಫಿತ್ ಮೌಲ್ಯಮಾಪನದಲ್ಲಿ ವಿಸ್ತೀರ್ಣ ಎಕರೆ, ರೂಡ್, ಪರ್ಚ್‌ಗಳಲ್ಲಿದೆ. 40 ಪರ್ಚ್‌ಗೆ ಒಂದು ರೂಡ್, 4 ರೂಡ್‌ಗೆ ಒಂದು ಎಕರೆ. ನಮ್ಮ ಲೆಕ್ಕದಲ್ಲಿ ರೂಡ್ ಎಂದರೆ 10 ಗುಂಟೆ, ಪರ್ಚ್ ಎಂದರೆ ಕಾಲು ಗುಂಟೆ. ಅದಕ್ಕಿಂತ ಹಳೆಯ ಗೇಣಿ ಪತ್ರ ಕೈಗೆ ಬಂದರೆ ಮೊದಲು ಯಾವ ಎಕರೆ ಎಂದು ನೋಡಿಕೊಳ್ಳಿ: ಐರಿಷ್ ಎಕರೆ ನಮಗೆ ಗೊತ್ತಿರುವ ಎಕರೆಯ 1.62 ಪಟ್ಟು.