ಆಫೀಸಿಗೆ ಹೋಗೋಕೆ ನಿಮಗೇನು ಕಷ್ಟ?

ಊರಿಂದ ಫೋನ್ ಬಂದರೆ ಆರೋಗ್ಯ, ಮಳೆ ಬೆಳೆ ಮುಗಿದ ಮೇಲೆ ಮೂರನೇ ಪ್ರಶ್ನೆ ಇದೇ. "ಅಲ್ಲ ಕಣೋ, ಆಫೀಸಿಗೆ ಬಂದು ಕೆಲಸ ಮಾಡಿ ಅಂದಿದ್ದಕ್ಕೆ ನಿಮ್ಮ ಅಮೆರಿಕದಲ್ಲಿ ಯಾಕೆ ಅಷ್ಟು ಗಲಾಟೆ? ಸರ್ಕಾರಿ ನೌಕರರು ಆಫೀಸಿಗೆ ಹೋಗದೆ ಇನ್ನೆಲ್ಲಿಗೆ ಹೋಗ್ತಾರೆ?" ಹೀಗೆ ಕೇಳುವವರಲ್ಲಿ ನನ್ನ ಸೋದರಮಾವ ಮೊದಲಿಗರು. ತಾಲ್ಲೂಕು ಕಚೇರಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಲೇ ರಿಟೈರ್ ಆದವರು. ಬೆಂಗಳೂರಿನ ಐಟಿ ಗೆಳೆಯರ ಧಾಟಿ ಬೇರೆ. "ನಾವು ದಿನಾ ಔಟರ್ ರಿಂಗ್ ರೋಡಲ್ಲಿ ಸಾಯ್ತಿಲ್ವಾ? ನಿಮಗೇನು ಸ್ಪೆಷಲ್ಲು?"

ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಒಂದು ಸಲ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ನಾನು ಅಮೆರಿಕದ ಫೆಡರಲ್, ಅಂದರೆ ಕೇಂದ್ರ, ಸರ್ಕಾರದ ಒಂದು ಇಲಾಖೆಯಲ್ಲಿದ್ದೇನೆ. ಯಾವ ಇಲಾಖೆ ಅಂತ ಹೇಳುವುದಿಲ್ಲ, ಈ ಕಾಲದಲ್ಲಿ ಅದೇ ಕ್ಷೇಮ. ಅಂಕಿ ಅಂಶದ ಕೆಲಸ. ರಾಜ್ಯಗಳಿಂದ ಬರುವ ಲೆಕ್ಕ ಒಟ್ಟು ಮಾಡಿ, ತಪ್ಪು ಹುಡುಕಿ, ಪಟ್ಟಿ ತಯಾರಿಸಿ ಕೊಡುವುದು. ಇಲ್ಲಿನ ಫೆಡರಲ್ ಕಾಯಂ ಕೆಲಸಕ್ಕೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಈ ಆಫೀಸುಗಳಲ್ಲಿ ಕಂಡರೆ ಹೆಚ್ಚಾಗಿ ಕಾಂಟ್ರಾಕ್ಟ್ ಕಂಪನಿಗಳ ಕಡೆಯವರು. ಅವರ ಗೋಳು ಬೇರೆಯೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು, ಆಗಿದ್ದೇನು ಅಂತ ನೋಡಿ. 2025ರ ಜನವರಿ 20ರಂದು ಟ್ರಂಪ್ ಎರಡನೇ ಸಲ ಅಧಿಕಾರ ವಹಿಸಿಕೊಂಡರು. ಅವತ್ತೇ ಒಂದು ಚಿಕ್ಕ ಆದೇಶ ಹೊರಟಿತು. ಎಲ್ಲ ಇಲಾಖೆಗಳೂ ಮನೆಯಿಂದ ಕೆಲಸದ ಏರ್ಪಾಡು ನಿಲ್ಲಿಸಬೇಕು, ನೌಕರರು ವಾರದ ಎಲ್ಲ ಕೆಲಸದ ದಿನವೂ ಆಫೀಸಿಗೆ ಬರಬೇಕು. ಇಲಾಖೆಯ ಮುಖ್ಯಸ್ಥರು ಅಗತ್ಯ ಕಂಡರೆ ವಿನಾಯಿತಿ ಕೊಡಬಹುದು. ಹೆಚ್ಚುಕಮ್ಮಿ ಇಷ್ಟೇ. ಅಂಗವಿಕಲರಿಗೆ, ಕಾಯಿಲೆ ಇರುವವರಿಗೆ, ಸೈನಿಕರ ಗಂಡ ಹೆಂಡಿರಿಗೆ ವಿನಾಯಿತಿಯ ದಾರಿ ಉಳಿಯಿತು. ಆಫೀಸಿನಿಂದ 50 ಮೈಲಿಗಿಂತ ಆಚೆ ಇರುವವರಿಗೆ, ಹತ್ತಿರದಲ್ಲಿ ಯಾವುದಾದರೂ ಸರ್ಕಾರಿ ಕಟ್ಟಡ ಹುಡುಕಿ ಕೂರಿಸಿ ಅಂತ ಸೂಚನೆ ಬಂತು.

ಊರಲ್ಲಿ ಜನ ತಿಳಿದುಕೊಂಡಿರುವುದು ಏನೆಂದರೆ, ಅಲ್ಲಿಯವರೆಗೆ ಅಮೆರಿಕದ ಸರ್ಕಾರಿ ನೌಕರರೆಲ್ಲ ಮನೆಯಲ್ಲೇ ಕಾಲು ಚಾಚಿಕೊಂಡಿದ್ದರು ಅಂತ. ಅವರ ತಪ್ಪಲ್ಲ. ನೂರಕ್ಕೆ 6 ಮಂದಿ ಮಾತ್ರ ಪೂರ್ತಿ ಆಫೀಸಿಗೆ ಬರುತ್ತಾರೆ ಅನ್ನುವ ಮಾತು 2024ರ ಡಿಸೆಂಬರಿನಲ್ಲಿ ಸೆನೆಟರ್ ಜೋನಿ ಅರ್ನ್ಸ್ಟ್ ಅವರ ವರದಿಯಿಂದ ಹೊರಟು ಎಲ್ಲ ಕಡೆ ಹಬ್ಬಿತು. ಅದಕ್ಕೆ ಆಧಾರ ಒಂದು ಸುದ್ದಿಸಂಸ್ಥೆ ಆನ್‌ಲೈನಿನಲ್ಲಿ ನಡೆಸಿದ ಸಮೀಕ್ಷೆ. ಇಷ್ಟ ಇದ್ದವರು ಬಂದು ತುಂಬಿದ್ದು ಅಷ್ಟೆ. ಸರ್ಕಾರದ್ದೇ ಲೆಕ್ಕ 2024ರ ಆಗಸ್ಟಿನಲ್ಲಿ ಬಂದಿತ್ತು. ಅದರ ಪ್ರಕಾರ ಸುಮಾರು 22.8 ಲಕ್ಷ ನೌಕರರಲ್ಲಿ ನೂರಕ್ಕೆ 54 ಮಂದಿಗೆ ಮನೆಯಿಂದ ಕೆಲಸದ ಪ್ರಶ್ನೆಯೇ ಇರಲಿಲ್ಲ. ಮಾಜಿ ಸೈನಿಕರ ಆಸ್ಪತ್ರೆಯ ನರ್ಸ್, ಏರ್‌ಪೋರ್ಟಿನಲ್ಲಿ ಬ್ಯಾಗ್ ನೋಡುವವರು, ಮಾಂಸದ ಕಾರ್ಖಾನೆಯಲ್ಲಿ ನಿಂತು ತಪಾಸಣೆ ಮಾಡುವವರು, ಜೈಲು ಕಾಯುವವರು. ಇವರೆಲ್ಲ ಕೋವಿಡ್‌ನಲ್ಲೂ ಹೋಗಿದ್ದಾರೆ. ಉಳಿದವರಲ್ಲಿ ಪೂರ್ತಿ ಮನೆಯಿಂದಲೇ ಕೆಲಸ ಇದ್ದದ್ದು ಸುಮಾರು 2.28 ಲಕ್ಷ ಜನಕ್ಕೆ, ಅಂದರೆ ನೂರಕ್ಕೆ ಹತ್ತು. ಇನ್ನು ನನ್ನಂಥವರು, ಕೆಲವು ದಿನ ಮನೆ, ಕೆಲವು ದಿನ ಆಫೀಸು. ನಾವು ಕೂಡ ಕೆಲಸದ ಸಮಯದಲ್ಲಿ ನೂರಕ್ಕೆ 61ರಷ್ಟನ್ನು ಆಫೀಸಲ್ಲೇ ಕಳೆಯುತ್ತಿದ್ದೆವು.

ಇದು ಕೋವಿಡ್‌ನಿಂದ ಹುಟ್ಟಿದ್ದೂ ಅಲ್ಲ. ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಆಫೀಸು 1997ರಲ್ಲೇ ಸಣ್ಣದಾಗಿ ಶುರು ಮಾಡಿತ್ತು. ಅಲ್ಲಿ ಪೇಟೆಂಟ್ ಪರೀಕ್ಷಕರಿಗೆ ಎರಡು ವಾರಕ್ಕೊಮ್ಮೆ ಇಷ್ಟು ಕಡತ ಮುಗಿಸಬೇಕು ಅಂತ ಲೆಕ್ಕ ಇರುತ್ತದೆ. ಎಲ್ಲಿ ಕೂತು ಮುಗಿಸಿದರೆ ಏನಂತೆ? 2010ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಎಂಥ ಹಿಮ ಬಿತ್ತು ಅಂದರೆ ಸರ್ಕಾರಿ ಆಫೀಸುಗಳು ನಾಲ್ಕು ದಿನ ಸಾಲಾಗಿ ಬಾಗಿಲು ಹಾಕಿದವು. ಆ ವರ್ಷದ ಡಿಸೆಂಬರಿನಲ್ಲಿ ಒಬಾಮಾ ಟೆಲಿವರ್ಕ್ ಕಾಯ್ದೆಗೆ ಸಹಿ ಹಾಕಿದರು. ಪ್ರತಿ ಇಲಾಖೆಯೂ ತನ್ನ ನೌಕರರಲ್ಲಿ ಯಾರು ಮನೆಯಿಂದ ಕೆಲಸ ಮಾಡಬಹುದು ಅಂತ ಗುರುತಿಸಬೇಕು ಅನ್ನುತ್ತದೆ ಆ ಕಾಯ್ದೆ. ಅದನ್ನು ರದ್ದು ಮಾಡದೆಯೇ ಈ ಆದೇಶ ಬಂದದ್ದು.

ಈಗ ಕಷ್ಟದ ವಿಷಯಕ್ಕೆ ಬರ್ತೀನಿ.

ನಾನು ಸೇರಿದ್ದು 2021ರಲ್ಲಿ. ಎರಡು ವಾರದಲ್ಲಿ ಎರಡು ಸಲ ಆಫೀಸಿಗೆ ಬಂದರೆ ಸಾಕು ಅಂತ ನೇಮಕದ ಹೊತ್ತಿನಲ್ಲೇ ಬರವಣಿಗೆಯಲ್ಲಿ ಕೊಟ್ಟಿದ್ದರು. ಅದನ್ನು ನಂಬಿ ಮೇರಿಲ್ಯಾಂಡಿನ ಫ್ರೆಡರಿಕ್‌ನಲ್ಲಿ ಮನೆ ತಗೊಂಡೆವು. ವಾಷಿಂಗ್ಟನ್‌ಗೆ ಸುಮಾರು 45 ಮೈಲಿ. ಇನ್ನು ಸ್ವಲ್ಪ ದೂರ ಹೋಗಿದ್ದರೆ 50 ಮೈಲಿಯ ಗೆರೆ ದಾಟುತ್ತಿದ್ದೆವು ಅಂತ ಹೆಂಡತಿ ಈಗಲೂ ಕಿಚಾಯಿಸುತ್ತಾಳೆ. ಬೆಳಿಗ್ಗೆ ಐ-270 ಹೆದ್ದಾರಿಯಲ್ಲಿ ತೆವಳಿಕೊಂಡು ಶೇಡಿ ಗ್ರೋವ್ ತನಕ ಕಾರು, ಅಲ್ಲಿಂದ ರೆಡ್ ಲೈನ್ ಮೆಟ್ರೊ. ಮೆಟ್ರೊ ಖರ್ಚಿಗೆ ಸರ್ಕಾರ 2025ರಲ್ಲಿ ತಿಂಗಳಿಗೆ 325 ಡಾಲರ್ ತನಕ ಕೊಡುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಪಾರ್ಕಿಂಗ್ ದುಡ್ಡು ನಮ್ಮದೇ. ಮಗಳ ಡೇಕೇರ್ ಸಂಜೆ 6ಕ್ಕೆ ಮುಚ್ಚುತ್ತದೆ. ತಡವಾದರೆ ನಿಮಿಷಕ್ಕಿಷ್ಟು ಅಂತ ದಂಡ. ಹಾಗಾಗಿ ಹೆಂಡತಿ ತನ್ನ ಕೆಲಸದ ಸಮಯ ಬದಲಾಯಿಸಿಕೊಂಡಳು. ಮನೆಯವರು ಇಷ್ಟೆಲ್ಲ ಹೊಂದಿಸಿಕೊಂಡಿದ್ದು ಆಫೀಸು ತಲುಪಲಿಕ್ಕೆ. ತಲುಪಿ ಏನು ಮಾಡಿದೆ ಅಂತ ಯಾರೂ ಕೇಳಲ್ಲ.

ಹೇಳ್ತೀನಿ. ಮೊದಲ ವಾರ ಗೇಟಿನ ಹೊರಗೆ ಸಾಲು. ಇಷ್ಟು ಜನರನ್ನು ಒಟ್ಟಿಗೆ ಒಳಗೆ ಬಿಡುವ ಏರ್ಪಾಡೇ ಇರಲಿಲ್ಲ. ಎರಡು ಸ್ಕ್ಯಾನರ್‌ನಲ್ಲಿ ಒಂದು ಕೆಟ್ಟಿತ್ತು. ಗುರುತಿನ ಚೀಟಿ ಕೈಯಲ್ಲಿ ಹಿಡಿದು ಚಳಿಯಲ್ಲಿ ನಿಂತೆವು. ಒಳಗೆ ನನ್ನ ಹಳೆಯ ಮೇಜಿನಲ್ಲಿ ಇನ್ಯಾರೋ ಇದ್ದರು. ಕಾನ್ಫರೆನ್ಸ್ ರೂಮಿನಲ್ಲಿ ಉದ್ದದ ಮೇಜು ಹಾಕಿ ನಮ್ಮನ್ನೆಲ್ಲ ಪಕ್ಕಪಕ್ಕ ಕೂರಿಸಿದರು. ಪ್ಲಗ್ ಪಾಯಿಂಟ್ ಗೋಡೆಯ ಹತ್ತಿರ ಮಾತ್ರ, ಆದ್ದರಿಂದ ಬೇಗ ಬಂದವರಿಗೆ ಗೋಡೆ ಪಕ್ಕದ ಜಾಗ. ನನ್ನ ತಂಡದ ಒಬ್ಬಳು ಡೆನ್ವರ್‌ನಲ್ಲಿ, ಇಬ್ಬರು ಅಟ್ಲಾಂಟಾದಲ್ಲಿ, ಮ್ಯಾನೇಜರ್ ಕನ್ಸಾಸ್ ಸಿಟಿಯಲ್ಲಿ. ಅವರೂ ಅವರವರ ಊರಿನ ಆಫೀಸಿಗೆ ಹೋಗಿ ಕೂತಿದ್ದರು. ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೀಮ್ಸ್‌ನಲ್ಲಿ ಮಾತು. ಪಕ್ಕದವರ ಮೀಟಿಂಗ್ ನನ್ನ ಮೈಕಿನಲ್ಲಿ, ನನ್ನದು ಅವರ ಮೈಕಿನಲ್ಲಿ. ಮನೆಯಲ್ಲಿ ಮಾಡುತ್ತಿದ್ದ ಕೆಲಸವನ್ನೇ ಇನ್ನೂ ಗದ್ದಲದಲ್ಲಿ ಮಾಡಿ ವಾಪಸ್ ಬಂದೆ. ಡೆನ್ವರ್‌ನವಳು ಕೂರುವ ಕಟ್ಟಡದಲ್ಲಿ ನಮ್ಮ ಇಲಾಖೆಯವರು ಒಬ್ಬರೂ ಇಲ್ಲ. ಅವಳಿಗೆ ಅಲ್ಲಿ ಗುರುತಿರುವುದು ಸೆಕ್ಯೂರಿಟಿಯವರು ಮಾತ್ರ.

ನಮ್ಮದೊಂದೇ ಅಲ್ಲ. ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಹತ್ತಿರ ಇರುವ, ಆಹಾರ ಮತ್ತು ಔಷಧಿ ನೋಡಿಕೊಳ್ಳುವ ಸಂಸ್ಥೆ ಎಫ್‌ಡಿಎಯ ಕ್ಯಾಂಪಸ್‌ನಲ್ಲಿ 2025ರ ಮಾರ್ಚಿನಲ್ಲಿ ಎಲ್ಲರೂ ಒಟ್ಟಿಗೆ ವಾಪಸ್ ಬಂದಾಗ ಪಾರ್ಕಿಂಗ್ ತುಂಬಿ, ತಪಾಸಣೆಯ ಸಾಲು ಕಟ್ಟಡದ ಹೊರಗೆ ಬಂದಿತ್ತು. ಪತ್ರಿಕೆಗಳಲ್ಲೆಲ್ಲ ಬಂತು.

ಪೂರ್ತಿ ಮನೆಯಿಂದ ಕೆಲಸ ಮಾಡುತ್ತಿದ್ದವರದು ಇನ್ನೂ ವಿಚಿತ್ರ. ಇಲ್ಲಿ ಫೆಡರಲ್ ಸಂಬಳಕ್ಕೆ ಊರಿನ ಭತ್ಯೆ ಸೇರುತ್ತದೆ. ನಮ್ಮ ಕಡೆ ಊರು ನೋಡಿ ಮನೆ ಬಾಡಿಗೆ ಭತ್ಯೆ ಬದಲಾಗುತ್ತದಲ್ಲ, ಆ ಥರ. 2025ರಲ್ಲಿ ವಾಷಿಂಗ್ಟನ್ ಪ್ರದೇಶಕ್ಕೆ ಮೂಲ ವೇತನದ ಮೇಲೆ ನೂರಕ್ಕೆ 33.94. ಪಟ್ಟಿಯಲ್ಲಿ ಹೆಸರಿಲ್ಲದ ಊರುಗಳಿಗೆ 17.06. ಪೂರ್ತಿ ಮನೆಯಿಂದ ಕೆಲಸ ಅಂದರೆ ಕಾಗದದ ಮೇಲೆ ನಿಮ್ಮ ಮನೆಯೇ ಆಫೀಸು. ಆದ್ದರಿಂದ ವಾಷಿಂಗ್ಟನ್ ಬಿಟ್ಟು ಸಣ್ಣ ಊರಿಗೆ ಹೋದವರಿಗೆ ಸಂಬಳ ಇಳಿಯಿತು. 80,000 ಡಾಲರ್ ಮೂಲ ವೇತನದವರಿಗೆ ವರ್ಷಕ್ಕೆ ಸುಮಾರು 13,500 ಡಾಲರ್ ಕಡಿಮೆ. ಸರ್ಕಾರಕ್ಕೆ ಅಷ್ಟು ಉಳಿತಾಯ, ಒಂದು ಮೇಜೂ ಉಳಿತಾಯ. ಅವರು ಅದಕ್ಕೆ ಒಪ್ಪಿಕೊಂಡೇ ಹೋದವರು. ಅಂಥವರಿಗೆ "ನಾಳೆಯಿಂದ ಆಫೀಸಿಗೆ ಬಾ" ಅಂದರೆ ಯಾವ ಆಫೀಸು?

ಇದನ್ನೆಲ್ಲ ಕೇಳಿದವರು, ಹೊಸ ವ್ಯವಸ್ಥೆ ಅಲ್ವಾ, ಸರಿ ಹೋಗುತ್ತೆ ಬಿಡು ಅನ್ನುತ್ತಾರೆ. ಸ್ಕ್ಯಾನರ್ ಸರಿ ಹೋಯಿತು, ನಿಜ. ಮೇಜೂ ಸಿಕ್ಕಿತು. ನನ್ನ ಸಿಟ್ಟು ಆ ಕಾರಣಕ್ಕಲ್ಲ.

ಆದೇಶಕ್ಕೆ ಎರಡು ತಿಂಗಳು ಮುಂಚೆ, 2024ರ ನವೆಂಬರಿನಲ್ಲಿ, ಸರ್ಕಾರದ ಖರ್ಚು ಕಡಿತಕ್ಕೆ ಟ್ರಂಪ್ ಆರಿಸಿದ್ದ ಇಲಾನ್ ಮಸ್ಕ್ ಮತ್ತು ವಿವೇಕ್ ರಾಮಸ್ವಾಮಿ ಸೇರಿ ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ವಾರಕ್ಕೆ ಐದು ದಿನ ಆಫೀಸಿಗೆ ಬನ್ನಿ ಅಂದರೆ ಬಹಳ ಜನ ತಾವಾಗಿಯೇ ಕೆಲಸ ಬಿಡುತ್ತಾರೆ, ಅದು ನಮಗೆ ಒಳ್ಳೆಯದೇ ಅಂತ ಅದರಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ಆದೇಶ ಬಂದು ಎಂಟನೇ ದಿನ, ಜನವರಿ 28ರಂದು, ನಮಗೆಲ್ಲ ಒಂದು ಇಮೇಲ್. ಈಗ ರಾಜೀನಾಮೆಗೆ ಒಪ್ಪಿದರೆ ಸೆಪ್ಟೆಂಬರ್ 30ರ ತನಕ ಸಂಬಳ ಬರುತ್ತದೆ, ಆಫೀಸಿಗೆ ಬರುವ ನಿಯಮವೂ ನಿಮಗಿಲ್ಲ! ಮೊದಲ ಸುತ್ತಿನಲ್ಲೇ ಸುಮಾರು 75,000 ಜನ ಒಪ್ಪಿದರು. ಅಂದರೆ, ಆಫೀಸಿಗೆ ಬಂದರೆ ಮಾತ್ರ ಕೆಲಸ ಅನ್ನುವವರು, ಕೆಲಸವನ್ನೇ ಬಿಡುವುದಾದರೆ ಮನೆಯಲ್ಲೇ ಇದ್ದು ತಿಂಗಳುಗಟ್ಟಲೆ ಸಂಬಳ ತಗೋ ಅಂದರು. ಮಾವನಿಗೆ ನಾನು ಹೇಳುವುದು ಇಷ್ಟು: ನಿಮ್ಮನ್ನು ಆಫೀಸಿಗೆ ಕರೆದದ್ದು ಕೆಲಸ ಆಗಲಿ ಅಂತ. ನಮ್ಮನ್ನು ಕರೆದದ್ದರಲ್ಲಿ ಒಂದಷ್ಟು ಜನ ತೊಲಗಲಿ ಅನ್ನುವ ಆಸೆಯೂ ಇತ್ತು.

2025ರ ಮಾರ್ಚಿನಲ್ಲೇ ಸರ್ಕಾರಿ ಕಟ್ಟಡ ನೋಡಿಕೊಳ್ಳುವ ಇಲಾಖೆ ಒಂದು ಪಟ್ಟಿ ಬಿಟ್ಟಿತು. ಮಾರಲು ಯೋಗ್ಯವಾದ 443 ಕಟ್ಟಡಗಳು. ಕೆಲವು ಇಲಾಖೆಗಳ ಮುಖ್ಯ ಕಚೇರಿಗಳೇ ಅದರಲ್ಲಿದ್ದವು. ಮಾರನೇ ದಿನ ಪಟ್ಟಿಯೇ ಮಾಯ. ಒಂದು ಕೈಯಲ್ಲಿ ಜನರನ್ನು ಒಳಗೆ ಕರೆಯುವುದು, ಇನ್ನೊಂದು ಕೈಯಲ್ಲಿ ಕಟ್ಟಡಕ್ಕೆ ಬೋರ್ಡ್ ಹಾಕುವುದು.

ಆದರೆ ಆಫೀಸಿಗೆ ಬನ್ನಿ ಅನ್ನುವವರ ಮಾತಲ್ಲಿ ನಿಜವೇ ಇಲ್ಲ ಅಂತ ನಾನು ಹೇಳಲ್ಲ. 2023ರಲ್ಲಿ ಇಲ್ಲಿನ ಲೆಕ್ಕ ತಪಾಸಣಾ ಸಂಸ್ಥೆ ಜಿಎಒ 24 ಇಲಾಖೆಗಳ ಮುಖ್ಯ ಕಚೇರಿ ನೋಡಿ, 17 ಕಡೆ ಸರಾಸರಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಜಾಗ ಬಳಕೆಯಾಗುತ್ತಿದೆ ಅಂತ ವರದಿ ಕೊಟ್ಟಿತ್ತು. ಖಾಲಿ ಮಹಡಿಗಳಿಗೆ ಎಸಿ ಹಾಕಿ, ಗುಡಿಸಿ, ಕಾವಲು ಇಟ್ಟದ್ದು ಜನರ ತೆರಿಗೆ ದುಡ್ಡಲ್ಲಿ. ಮನೆಯಲ್ಲಿ ಕೂತು ಮೌಸ್ ಅಲ್ಲಾಡಿಸಿಕೊಂಡು ಕಾಲ ಕಳೆದವರು ಇಲ್ಲವೇ ಇಲ್ಲ ಅಂದರೆ ನಗುತ್ತೀರಿ. ಅಂಥವರು ಆಫೀಸಲ್ಲೂ ಕುರ್ಚಿಗೆ ಕೋಟು ನೇತುಹಾಕಿ ಟೀಗೆ ಹೋಗುವವರೇ, ಅದು ಬೇರೆ ಮಾತು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗಂತೂ ಆಫೀಸು ಬೇಕೇ ಬೇಕು. ಯಾವ ರಾಜ್ಯದ ಲೆಕ್ಕ ಯಾವಾಗಲೂ ತಪ್ಪು ಬರುತ್ತೆ, ಯಾರಿಗೆ ಫೋನ್ ಮಾಡಿದರೆ ಬೇಗ ಸರಿ ಮಾಡಿಕೊಡುತ್ತಾರೆ ಅನ್ನುವುದೆಲ್ಲ ಯಾವ ಕೈಪಿಡಿಯಲ್ಲೂ ಇರಲ್ಲ. ಪಕ್ಕದಲ್ಲಿ ಕೂತವರು ಗೊಣಗಿದ್ದು ಕೇಳಿಯೇ ಕಲಿಯಬೇಕು. ಅಂಥವರ ಪಕ್ಕ ವಾರಕ್ಕೆ ಎರಡು ದಿನ ಬಂದು ಕೂರು ಅಂದಿದ್ದರೆ ನಾನು ಖುಷಿಯಾಗಿ ಹೋಗುತ್ತಿದ್ದೆ. ಆ ಥರ ಲೆಕ್ಕ ಹಾಕಿ ಯಾರೂ ಕರೆಯಲಿಲ್ಲ.

ಇನ್ನೊಂದು ತಮಾಷೆ. ಈಗಲೂ ನಾವು ಪ್ರತಿ ಸಂಜೆ ಲ್ಯಾಪ್‌ಟಾಪ್ ಮನೆಗೆ ಹೊತ್ತುಕೊಂಡು ಹೋಗಬೇಕು. ಯಾಕೆ? ಹಿಮ ಬಿದ್ದು ಆಫೀಸು ಮುಚ್ಚಿದರೆ ಮನೆಯಿಂದ ಕೆಲಸ ಮಾಡಬೇಕಲ್ಲ! ಅವತ್ತು ಮನೆಯಲ್ಲಿ ಮಾಡಿದ ಕೆಲಸ ಕೆಲಸವೇ. ಮಾರನೇ ದಿನ ಬಿಸಿಲು ಬಂದರೆ ಅಲ್ಲ.

"ಕೆಲಸ ಜಾಸ್ತಿ ಆಗ್ತಿದೆಯಾ?" ಅಂತಲೂ ಕೇಳುತ್ತಾರೆ. ನನ್ನ ಮಟ್ಟಿಗೆ ಕಡಿಮೆ. ಮುಂಚೆ ರಾತ್ರಿ ಊಟ ಆದ ಮೇಲೆ, ಪಶ್ಚಿಮದ ರಾಜ್ಯಗಳವರು ಇನ್ನೂ ಆಫೀಸಲ್ಲಿದ್ದಾರೆ ಅಂತ ಒಂದು ಗಂಟೆ ಕೂತು ಅವರ ಪ್ರಶ್ನೆಗಳನ್ನು ಮುಗಿಸುತ್ತಿದ್ದೆ. ಯಾರೂ ಹೇಳಿರಲಿಲ್ಲ, ಹೇಗೂ ಮನೆಯಲ್ಲೇ ಇದ್ದೆ. ಈಗ ಡೇಕೇರ್ ಮುಚ್ಚುವ ಮುಂಚೆ ಫ್ರೆಡರಿಕ್ ಸೇರಬೇಕು. ಸಮಯ ಆದ ಕೂಡಲೇ ಮುಚ್ಚಿ ಎದ್ದೆ. ಆ ಪ್ರಶ್ನೆಗಳು ನಾಳೆಗೆ.

ಕೊನೆಗೆ ಎಲ್ಲರೂ ಕೊಡುವ ಸಲಹೆ ಎರಡು. ಒಂದು, ಆಫೀಸಿನ ಹತ್ತಿರ ಮನೆ ಮಾಡಬಾರದಾ? ನಾವು 2021ರಲ್ಲಿ ಮನೆ ತಗೊಂಡಾಗ 30 ವರ್ಷದ ಸಾಲಕ್ಕೆ ಬಡ್ಡಿ ನೂರಕ್ಕೆ 3ರ ಆಸುಪಾಸು. 2025ರಲ್ಲಿ ಅದೇ ಸಾಲಕ್ಕೆ 6ರ ಮೇಲೆ. ಇದನ್ನು ಮಾರಿ ನಗರದ ಹತ್ತಿರ ಇದಕ್ಕಿಂತ ಚಿಕ್ಕ ಮನೆ ತಗೊಂಡರೂ ಕಂತು ಜಾಸ್ತಿಯಾಗುತ್ತದೆ. ಎರಡು, ಬಿಟ್ಟು ಬೇರೆ ಕಡೆ ಸೇರಬಾರದಾ? ಫೆಡರಲ್ ಪಿಂಚಣಿಗೆ ಹಕ್ಕು ಬರುವುದು ಐದು ವರ್ಷದ ಸೇವೆ ಆದ ಮೇಲೆ. ನಾನು 2021ರವನು, ನೀವೇ ಲೆಕ್ಕ ಹಾಕಿ. ಅದು ಮುಗಿಯಲಿ ಅಂತ ಕಾಯ್ದವರು ನಮ್ಮ ಮಹಡಿಯಲ್ಲಿ ನಾನೊಬ್ಬನೇ ಅಲ್ಲ. ಕಾಯದವರೂ ಇದ್ದಾರೆ. ಇಪ್ಪತ್ತು ವರ್ಷದಿಂದ ಒಂದೇ ಪಟ್ಟಿಯನ್ನು ಮಾಡಿಕೊಂಡು ಬಂದಿದ್ದ ಹಿರಿಯರೊಬ್ಬರು ಆ ಇಮೇಲಿಗೆ ಒಪ್ಪಿ ಹೋದರು. ಅವರ ಪಟ್ಟಿ ಈಗ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದು ರಾಜ್ಯದ ಲೆಕ್ಕವನ್ನು ಅವರು ಯಾಕೆ ಪ್ರತಿ ವರ್ಷ ಬೇರೆ ಥರ ಕೂಡುತ್ತಿದ್ದರು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.