ಬಿಲ್ಡ್ ಪಾಸಾಗಿದೆ, ಡಾಕ್ಸ್‌ನಲ್ಲಿ ನಮ್ಮ ಪ್ಯಾಕೇಜ್ ಮಾತ್ರ ಇಲ್ಲ, ಯಾಕೆ?

ನಮ್ಮ ಲೈಬ್ರರಿಯ ಡಾಕ್ಯುಮೆಂಟೇಶನ್ (ಡಾಕ್ಸ್, ಅಂದರೆ ಕೋಡನ್ನು ವಿವರಿಸುವ ಪುಟಗಳು) ತಯಾರಿಸುವ ಸ್ಕ್ರಿಪ್ಟ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಜೊತೆಯ ಡೆವಲಪರ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ನಾನು ಮೊದಲು ಹೇಳುವುದು ಇಷ್ಟೇ: ಡಾಕ್ಸ್‌ನಿಂದ ಹೊರಗಿಡುವ ಪ್ಯಾಕೇಜ್‌ಗಳ (ಒಂದು ಹೆಸರಿನಡಿ ಸೇರಿಸಿಟ್ಟ ಕೋಡಿನ ಗುಂಪುಗಳ) ಪಟ್ಟಿ ತೆಗೆದು, ನಿಮ್ಮ ಪ್ಯಾಕೇಜಿನ ಹೆಸರಿನ ಮೊದಲ ಭಾಗ ಅದರಲ್ಲಿ ಎಲ್ಲಾದರೂ ಕೂತಿದೆಯೇ ನೋಡಿ.

ಕಳೆದ ಸಲ ಹಾಗೇ ಆಗಿತ್ತು. ಪಟ್ಟಿಯಲ್ಲಿ ‘ಕೋರ್.ನೆಟ್’ ಇತ್ತು. ಅದು ಒಳಬಳಕೆಯ ಕೋಡ್, ಹೊರಗೆ ತೋರಿಸುವಂಥದ್ದಲ್ಲ. ಸ್ಕ್ರಿಪ್ಟ್ ಪೈಥಾನ್ ಭಾಷೆಯ ಸ್ಟಾರ್ಟ್ಸ್‌ವಿತ್ (ಪದದ ಶುರುವನ್ನು ಹೋಲಿಸುವ ಸೌಲಭ್ಯ) ಬಳಸಿ, ಈ ಅಕ್ಷರಗಳಿಂದ ಶುರುವಾಗುವುದನ್ನೆಲ್ಲ ಬಿಟ್ಟುಬಿಡುತ್ತಿತ್ತು. ‘ಕೋರ್.ನೆಟ್‌ವರ್ಕ್’ ಕೂಡ ಅದೇ ಅಕ್ಷರಗಳಿಂದ ಶುರುವಾಗುತ್ತದಲ್ಲ! ಎಲ್ಲರೂ ಬಳಸುವ ಪ್ಯಾಕೇಜಿನ ಪುಟಗಳೇ ಮಾಯ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕಂಪ್ಯೂಟರಿಗೆ ಅದು ಬರೀ ಅಕ್ಷರಗಳ ಸಾಲು, ಚುಕ್ಕಿಯಿಂದ ಚುಕ್ಕಿಗೆ ಇಳಿಯುವ ವಂಶಾವಳಿ ಎಂದು ಓದುವವರು ನಾವು.

ಸರಿಪಡಿಸಲು ಒಂದೇ ಸಾಲು ಬದಲಾಯಿಸಿದೆ. ಪ್ಯಾಕೇಜನ್ನು ಬಿಡಬೇಕಾದರೆ ಅದರ ಹೆಸರು ಪಟ್ಟಿಯಲ್ಲಿರುವ ಹೆಸರಿಗೆ ಪೂರ್ತಿ ಸಮನಾಗಿರಬೇಕು, ಇಲ್ಲವೇ ಪಟ್ಟಿಯ ಹೆಸರಿನ ಕೊನೆಗೆ ಚುಕ್ಕಿ ಸೇರಿಸಿದರೆ ಸಿಗುವ ರೂಪದಿಂದ ಶುರುವಾಗಬೇಕು. ಆಗ ‘ಕೋರ್.ನೆಟ್’ ಒಳಗಿನ ‘ಕೋರ್.ನೆಟ್.ಸಾಕೆಟ್’ ಹೊರಗೇ ಉಳಿಯುತ್ತದೆ, ‘ಕೋರ್.ನೆಟ್‌ವರ್ಕ್’ ಒಳಗೆ ಬರುತ್ತದೆ. ಇದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಅಕ್ಷರಗಳ ಮಾದರಿ ಹುಡುಕುವ ಸಂಕೇತಭಾಷೆಯಲ್ಲಿ) ಬರೆಯುವುದಾದರೆ ಚುಕ್ಕಿಯನ್ನು ಎಸ್ಕೇಪ್ ಮಾಡಲೇಬೇಕು, ಅಂದರೆ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಲೇಬೇಕು. ಇಲ್ಲದಿದ್ದರೆ ಅದು ಯಾವ ಅಕ್ಷರವನ್ನಾದರೂ ಒಪ್ಪಿಕೊಳ್ಳುತ್ತದೆ.

ಇದರ ಉಲ್ಟಾ ಪ್ರಕರಣವೂ ಬರುತ್ತದೆ: ಬೇಡವೆಂದ ಪ್ಯಾಕೇಜ್ ಡಾಕ್ಸ್‌ನಲ್ಲಿ ಬಂದು ಕೂರುತ್ತದೆ. ಟೂಲ್‌ಗಳ ನಿಯಮ ಒಂದೇ ಥರ ಇಲ್ಲದಿರುವುದೇ ಕಾರಣ. ಜಾವಾ ಕೋಡಿನಿಂದ ಡಾಕ್ಸ್ ತಯಾರಿಸುವ ಜಾವಾಡಾಕ್‌ನ ಎಕ್ಸ್‌ಕ್ಲೂಡ್ (ಹೊರಗಿಡುವ) ಆಯ್ಕೆಗೆ ಒಂದು ಹೆಸರು ಕೊಟ್ಟರೆ ಅದರ ಉಪಪ್ಯಾಕೇಜ್‌ಗಳೂ ಜೊತೆಗೇ ಹೋಗುತ್ತವೆ. ಪೈಥಾನ್ ಕೋಡನ್ನು ಹಂಚಲು ಕಟ್ಟಿಕೊಡುವ ಸೆಟಪ್‌ಟೂಲ್ಸ್‌ನಲ್ಲಿ ಪ್ಯಾಕೇಜ್ ಹುಡುಕುವ ಫಂಕ್ಷನ್ನಿಗೆ ‘ಟೆಸ್ಟ್ಸ್’ ಬೇಡ ಎಂದರೆ ಅದೊಂದೇ ಹೋಗುತ್ತದೆ, ‘ಟೆಸ್ಟ್ಸ್.ಯುನಿಟ್’ ಉಳಿಯುತ್ತದೆ. ಅದೂ ಹೋಗಬೇಕಾದರೆ ‘ಟೆಸ್ಟ್ಸ್.*’ ಎಂದು ಚುಕ್ಕಿ-ನಕ್ಷತ್ರ ಸೇರಿಸಿದ ಇನ್ನೊಂದು ಪ್ಯಾಟರ್ನ್ ಬೇಕು. ಒಂದು ಟೂಲಿನ ಅಭ್ಯಾಸ ಇನ್ನೊಂದಕ್ಕೆ ಹೊತ್ತೊಯ್ದರೆ ಎಡವುವುದು ಇಲ್ಲೇ.

ನನಗೆ ನಿಜಕ್ಕೂ ಸಂಕಟವಾಗುವುದು ಫಿಲ್ಟರ್ ಮೌನವಾಗಿರುವುದಕ್ಕೆ. ಡಾಕ್ಸ್‌ನಲ್ಲಿ ಕಾಣದ್ದು ಲೈಬ್ರರಿಯಲ್ಲೇ ಇಲ್ಲ ಎಂದುಕೊಂಡು, ಯಾರೋ ಅದೇ ಕೋಡನ್ನು ಮೊದಲಿನಿಂದ ಬರೆಯಲು ಕೂರುತ್ತಾರೆ. ಆದ್ದರಿಂದ ಈಗ ನಮ್ಮ ಸ್ಕ್ರಿಪ್ಟ್ ಬಿಟ್ಟ ಪ್ರತಿ ಪ್ಯಾಕೇಜಿನ ಹೆಸರನ್ನೂ, ಯಾವ ನಿಯಮದಿಂದ ಬಿಟ್ಟಿತು ಎಂಬುದನ್ನೂ ಲಾಗ್‌ನಲ್ಲಿ ಬರೆಯುತ್ತದೆ. ಪಟ್ಟಿಯಲ್ಲಿರುವ ಹೆಸರು ಯಾವ ಪ್ಯಾಕೇಜಿಗೂ ಹೊಂದದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಜೊತೆಗೆ ಮೂರೇ ಹೆಸರಿನ ಒಂದು ಟೆಸ್ಟ್ ಇದೆ: ‘ಕೋರ್.ನೆಟ್’, ‘ಕೋರ್.ನೆಟ್.ಸಾಕೆಟ್’, ‘ಕೋರ್.ನೆಟ್‌ವರ್ಕ್’. ಕೊನೆಯದೊಂದೇ ಉಳಿಯಬೇಕು.