ಲೋಕಲ್ ರೈಲಿನ ಗಾಲಿ ಯಾಕೆ ಸದ್ದು ಮಾಡುತ್ತೆ?

ಮುಂಬೈ ಲೋಕಲ್‌ನಲ್ಲಿ ಕೂತಾಗ ಕೆಲವೊಮ್ಮೆ ಕಾಲಡಿಯಿಂದ ಟಕಟಕ ಅಂತ ಬಿಡದೆ ಸದ್ದು ಬರುತ್ತದೆ. ಜನ ಹಳಿಯನ್ನು ಬೈಯುತ್ತಾರೆ. ಹಳಿಯ ತಪ್ಪಾದರೆ ಸದ್ದು ಆ ಜಾಗದಲ್ಲಿ ಬಂದು ಹೋಗಬೇಕು, ಅಲ್ವಾ? ಇದು ಸ್ಟೇಷನ್ನಿಂದ ಸ್ಟೇಷನ್ನಿಗೆ ನಿಮ್ಮ ಜೊತೆಗೇ ಬರುತ್ತದೆ. ಅಂದರೆ ಗಾಲಿಗೆ ಫ್ಲ್ಯಾಟ್ ಬಿದ್ದಿದೆ, ಗುಂಡಗಿರಬೇಕಾದ ಗಾಲಿ ಒಂದು ಕಡೆ ಸವೆದು ಚಪ್ಪಟೆಯಾಗಿದೆ.

ನಾನು ಲೋಕಲ್‌ಗಳ ರಿಪೇರಿ ನಡೆಯುವ ಕಾರ್‌ಶೆಡ್ಡಿನಲ್ಲಿ ಪಿಟ್ ವೀಲ್ ಲೇಥ್, ಅಂದರೆ ಗುಂಡಿಯೊಳಗೆ ಕೂರಿಸಿದ ಗಾಲಿ ಕಡೆಯುವ ಯಂತ್ರದ ಮೇಲೆ ಕೆಲಸ ಮಾಡಿ ರಿಟೈರ್ ಆದವನು. ಗಾಲಿ ಬಿಚ್ಚುವ ಗೋಜಿಲ್ಲ. ಡಬ್ಬಿಯನ್ನೇ ಗುಂಡಿಯ ಮೇಲೆ ತಂದು ನಿಲ್ಲಿಸಿ, ಚನ್ನಪಟ್ಟಣದವರು ಬೊಂಬೆ ಕಡೆದ ಹಾಗೆ ಕೆಳಗಿನಿಂದ ಗಾಲಿ ಕಡೆಯುತ್ತೇವೆ.

ನಮ್ಮ ಅಳಿಯ ಡೊಂಬಿವಲಿಯಿಂದ ದಿನಾ ಓಡಾಡುವವನು. "ಇಷ್ಟು ಜನ ತುಂಬಿಕೊಂಡ್ರೆ ಗಾಲಿ ಉಳಿಯುತ್ತಾ ಮಾವ?" ಅಂತಾನೆ. ಭಾರದಿಂದ ಗಾಲಿ ಸವೆಯೋದು ನಿಜ. ಆದರೆ ಫ್ಲ್ಯಾಟ್ ಬೀಳೋದು ಬ್ರೇಕ್ ಹಾಕಿದಾಗ. ಅದೂ ಖಾಲಿ ಡಬ್ಬಿಗೇ ಸುಲಭವಾಗಿ ಬೀಳುತ್ತದೆ. ಮೇಲೆ ಭಾರ ಇಲ್ಲದಿದ್ದರೆ ಗಾಲಿಗೆ ಹಳಿಯ ಮೇಲೆ ಹಿಡಿತ ಕಡಿಮೆ. ಅದೇ ಬ್ರೇಕ್ ಬಿದ್ದರೆ ಗಾಲಿ ನಿಂತುಬಿಡುತ್ತದೆ, ಗಾಡಿ ಮಾತ್ರ ಜಾರುತ್ತಾ ಮುಂದೆ ಹೋಗುತ್ತದೆ. ಗಾಲಿ ಹಳಿಗೆ ಉಜ್ಜಿದ ಜಾಗ ಸವೆದು ಚಪ್ಪಟೆಯಾಗುತ್ತದೆ.

ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್ಸಿನಿಂದ (ಸಿಎಸ್‌ಎಂಟಿ) ಠಾಣೆಗೆ ಸುಮಾರು 34 ಕಿಲೋಮೀಟರ್. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ಅಷ್ಟರಲ್ಲಿ 18 ಕಡೆ ನಿಲ್ಲಬೇಕು. ಜೊತೆಗೆ ಹಳಿ ದಾಟುವವರು, ಸುಮ್ನೆ ಚೈನ್ ಎಳೆಯುವವರು. ಯಾರೋ ಎದುರು ಬಂದರೆ ಗಾಡಿ ಓಡಿಸುವ ಮೋಟರ್‌ಮನ್ ಎಮರ್ಜೆನ್ಸಿ ಬ್ರೇಕ್ ಹಾಕದೆ ಏನು ಮಾಡಿಯಾನು?

ಜೋರು ಮಳೆಗಿಂತ ನಮಗೆ ಭಯ ಮೊದಲ ತುಂತುರಿನದು. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹಾಗಲ್ಲ, ಧೂಳು, ತುಕ್ಕು, ಗ್ರೀಸ್ ಎಲ್ಲ ಕಲಸಿ ಹಳಿಯ ಮೇಲೆ ಜಾರುವ ಪೇಸ್ಟ್ ಮಾಡಿಡುತ್ತದೆ.

ಪ್ರಯಾಣಿಕರ ಗಾಡಿಗಳಲ್ಲಿ ಫ್ಲ್ಯಾಟ್ 50 ಮಿಲಿಮೀಟರ್ ಉದ್ದದ ತನಕ ನಡೆಯುತ್ತದೆ. ಹೊಸ ಗಾಲಿಯ ವ್ಯಾಸ 952 ಮಿಲಿಮೀಟರ್. ಲೆಕ್ಕ ಹಾಕಿ ನೋಡಿ, 50 ಮಿಲಿಮೀಟರ್ ಫ್ಲ್ಯಾಟ್‌ನ ಆಳ ಮುಕ್ಕಾಲು ಮಿಲಿಮೀಟರೂ ಇಲ್ಲ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಐದಾರು ಸಲ ಹಳಿಗೆ ಬಡಿಯುತ್ತದೆ. ಪೆಟ್ಟು ಹಳಿಗೂ ಬಿತ್ತು, ಬೇರಿಂಗಿಗೂ ಬಿತ್ತು.

ಕಡೆಯುವವನಿಗೆ ತಲೆನೋವು ಬೇರೆಯೇ. ಜಾರುವಾಗ ಉಕ್ಕು 700 ಡಿಗ್ರಿ ದಾಟಿ ಕಾಯುತ್ತದೆ. ಗಾಲಿಯ ಉಳಿದ ಭಾಗ ತಣ್ಣಗಿರುವುದರಿಂದ ಆ ಬಿಸಿಯನ್ನು ಕ್ಷಣದಲ್ಲಿ ಹೀರಿಬಿಡುತ್ತದೆ. ಕಮ್ಮಾರ ಕಾಯಿಸಿ ನೀರಿಗದ್ದಿದಂತೆ ಎನ್ನಿ, ಅಲ್ಲೊಂದು ಗಡುಸು ಪದರ ಕಟ್ಟುತ್ತದೆ. ಅದರ ಹೆಸರು ಮಾರ್ಟೆನ್ಸೈಟ್. ಗಡುಸು, ಆದರೆ ಪೆಳಸು. ಹಾಗೇ ಓಡಿಸಿದರೆ ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ಲೇಥ್ ಮೇಲೆ ತಂದರೋ, ನೀಲಿ ತಿರುಗಿದ ಆ ಮಚ್ಚೆಗೆ ತಾಗಿದ ಕೂಡಲೇ ಟೂಲ್‌ನ ಕಾರ್ಬೈಡ್ ತುದಿ ಟಿಕ್ ಅಂತ ಮುರಿಯುತ್ತದೆ. ಅದಕ್ಕೇ ಮೇಲೆ ಮೇಲೆ ಸವರುವಂತಿಲ್ಲ, ಆ ಪದರದ ಕೆಳಗಿನಿಂದಲೇ ಒಂದೇ ಕಟ್ ಹೋಗಬೇಕು. ಒಂದೇ ಆಕ್ಸಲ್, ಅಂದರೆ ಒಂದೇ ಅಡ್ಡ ದಂಡದ ಎರಡು ಗಾಲಿಗಳ ವ್ಯಾಸದಲ್ಲಿ ಅರ್ಧ ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಿಡುವಂತಿಲ್ಲವಲ್ಲ, ಹಾಗಾಗಿ ಏನೂ ಆಗದ ಜೊತೆಗಾಲಿಯನ್ನೂ ಅಷ್ಟೇ ಕಡೆಯಬೇಕು. ಒಳ್ಳೆ ಉಕ್ಕು ಪುಡಿಯಾಗಿ ಗುಂಡಿಗೆ ಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

 

ಹೊಸ ರೇಕ್‌ಗಳು, ಅಂದರೆ ಹೊಸ ಲೋಕಲ್ ಗಾಡಿಗಳು ಎಷ್ಟೋ ವಾಸಿ. ಮೋಟಾರೇ ಬ್ರೇಕ್ ಹಿಡಿದು ಕರೆಂಟನ್ನು ತಂತಿಗೆ ವಾಪಸ್ ಕಳಿಸುತ್ತದೆ, ಗಾಲಿಗೆ ಒತ್ತುವ ಬ್ರೇಕ್ ಬ್ಲಾಕ್‌ಗೆ ಕೆಲಸ ಕಡಿಮೆ.

ಕಡೆದು ಕಡೆದು ತೆಳುವಾದ ಗಾಲಿಯ ಗತಿ ಏನು ಅಂತ ಅಳಿಯ ಕೇಳಿದ್ದ. ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಇದೆ. ಅಲ್ಲಿ ಹಳೆ ಗಾಲಿ, ಹಳೆ ಆಕ್ಸಲ್‌ಗಳನ್ನು ಕರಗಿಸಿಯೇ ಹೊಸ ಗಾಲಿ ಎರಕ ಹೊಯ್ಯುತ್ತಾರೆ.

ಇನ್ನು ಟಕಟಕ ಕೇಳಿದರೆ ಡಬ್ಬಿಯ ನಂಬರ್ ನೋಡಿಕೊಂಡು ಗಾರ್ಡ್‌ಗೆ ಹೇಳಿ. ಈಗ ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ. ನಂಬರ್ ಇದ್ದರೆ ಶೆಡ್ಡಿನವರಿಗೆ ಹುಡುಕುವ ಕೆಲಸ ಅರ್ಧ ಉಳಿಯುತ್ತದೆ.